ಎರಡು ರೂಪಾಯಿಯ ಲೆಕ್ಕ

ನೋಯ್ಡಾದ ಸೆಕ್ಟರ್ 24ರಲ್ಲಿರುವ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮುಂದೆಯೇ ನಾನು ದಿನವೂ ಹಾದುಹೋಗುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರರು ಒಮ್ಮೆ ಕೇಳಿದರು: "ಸಾಬ್, ಅಲ್ಲಿ ಏನು ಕೆಲಸ ನಡೆಯುತ್ತೆ?"

"ನಿಮಗೆ ಎಷ್ಟು ಸಂಬಳ ಸಿಗಬೇಕು ಅಂತ ಲೆಕ್ಕ ಹಾಕ್ತಾರೆ" ಎಂದೆ.

ಅವರು ನಕ್ಕರು. "ಲೆಕ್ಕ ಇನ್ನೂ ಮುಗಿದಿಲ್ಲ ಅಂತ ಕಾಣುತ್ತೆ!"

ಲೆಕ್ಕವೇನೋ ಮುಗಿದಿತ್ತು. ರಾಷ್ಟ್ರೀಯ ಕನಿಷ್ಠ ವೇತನ ಎಷ್ಟಿರಬೇಕೆಂದು ತಿಳಿಸಲು ಕೇಂದ್ರ ಕಾರ್ಮಿಕ ಸಚಿವಾಲಯ 2017ರಲ್ಲಿ ತಜ್ಞರ ಸಮಿತಿ ರಚಿಸಿತು. ಇದೇ ಸಂಸ್ಥೆಯ ಅನೂಪ್ ಸತ್ಪತಿ ಅದರ ಅಧ್ಯಕ್ಷರು. ಸಮಿತಿ ಊಟದ ತಟ್ಟೆಯಿಂದಲೇ ಶುರುಮಾಡಿತು: ವಯಸ್ಕರಿಗೆ ದಿನಕ್ಕೆ 2,400 ಕ್ಯಾಲರಿ, 50 ಗ್ರಾಂ ಪ್ರೊಟೀನ್, 30 ಗ್ರಾಂ ಕೊಬ್ಬು. 1957ರ ಭಾರತೀಯ ಕಾರ್ಮಿಕ ಸಮ್ಮೇಳನದ ಸೂತ್ರದಲ್ಲಿ ಕ್ಯಾಲರಿ 2,700 ಇತ್ತು, ಆದರೆ ಸಂಸಾರವನ್ನು 3 ಘಟಕವೆಂದು ಎಣಿಸಿತ್ತು. ಸಮಿತಿ ಅದನ್ನು 3.6ಕ್ಕೆ ಏರಿಸಿತು. ಬಟ್ಟೆ, ಬಾಡಿಗೆ, ಔಷಧಿ, ಮಕ್ಕಳ ಓದು ಎಲ್ಲ ಸೇರಿಸಿ 2019ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು: ದಿನಕ್ಕೆ 375 ರೂಪಾಯಿ. ಪ್ರದೇಶವಾರು ಲೆಕ್ಕದಲ್ಲಿ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಿಗೆ 414. ಯಾದಗಿರಿಯಿಂದ ಪುಣೆಗೆ ಗಾರೆ ಕೆಲಸಕ್ಕೆ ಹೋದವರಿಗೆ ಎರಡೂ ಕಡೆ ಒಂದೇ ದರ.

ಆಗ ಜಾರಿಯಲ್ಲಿದ್ದ ರಾಷ್ಟ್ರೀಯ ದರ 176 ರೂಪಾಯಿ. ಅದೇ ವರ್ಷದ ಜುಲೈನಲ್ಲಿ ಸರ್ಕಾರ ಅದನ್ನು 178ಕ್ಕೆ ಏರಿಸಿತು. ಏರಿಕೆ ಎರಡೇ ರೂಪಾಯಿ!

ಚಿಂತಕರ ಚಾವಡಿಗಳ ಬಲ, ಮಿತಿ ಎರಡೂ ಇಲ್ಲೇ ಕಾಣುತ್ತವೆ. ಅವು ಲೆಕ್ಕ ಕೊಡಬಲ್ಲವು, ಒಪ್ಪಿಸಲಾರವು. ಒಪ್ಪಿದರೆ ಖರ್ಚು ಹೊರಬೇಕಾದವರು ರಾಜ್ಯಗಳು, ಗುತ್ತಿಗೆದಾರರು, ಮಾಲೀಕರು. 2021ರಲ್ಲಿ ಸರ್ಕಾರ ಇನ್ನೊಂದು ಸಮಿತಿ ರಚಿಸಿತು. ರಾಷ್ಟ್ರೀಯ ದರಕ್ಕೆ ಹಿಂದೆ ಕಾನೂನಿನ ಬಲ ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಯಾದ ವೇತನ ಸಂಹಿತೆ ಆ ಬಲ ಕೊಟ್ಟಿದೆ: ಕೇಂದ್ರ ನಿಗದಿಪಡಿಸುವ ತಳಮಟ್ಟದ ವೇತನಕ್ಕಿಂತ ಕಡಿಮೆ ದರವನ್ನು ಯಾವ ರಾಜ್ಯವೂ ಗೊತ್ತುಮಾಡುವಂತಿಲ್ಲ. ಹಾಗಾಗಿ ಇನ್ನು ಮುಂದೆ ಆ ಒಂದು ಅಂಕಿಯೇ ಮುಖ್ಯ.

ಸರ್ಕಾರವನ್ನು ಬೈಯುವ ಮೊದಲು ನನ್ನದೊಂದು ತಪ್ಪೊಪ್ಪಿಗೆ. ನಮ್ಮ ಅಪಾರ್ಟ್‌ಮೆಂಟಿನ ಸಮಿತಿಯಲ್ಲಿ ನಾನೂ ಇದ್ದೇನೆ. ಕಾವಲು ಕೆಲಸದ ಗುತ್ತಿಗೆಯನ್ನು ಅತಿ ಕಡಿಮೆ ದರ ಬರೆದವರಿಗೇ ಕೊಟ್ಟೆವು. ಅದರಲ್ಲಿ ಕಾವಲುಗಾರರ ಕೈಗೆ ಎಷ್ಟು ಸೇರುತ್ತದೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಸಭೆಯಲ್ಲಿ ಕೇಳಬೇಕೆಂದಿದ್ದೇನೆ. ನಿಮ್ಮ ಸೊಸೈಟಿಯಲ್ಲಿ ನೀವೂ ಒಮ್ಮೆ ಕೇಳಿ ನೋಡಿ.