ಎಲ್ಲರೂ ‘ಎಲ್’ ಅಂದರೆ ಜೆರ್ಸಿ ಹೊಲಿಸುವುದು ಹೇಗೆ?

ಏಪ್ರಿಲ್ ಹತ್ತಿರವಾದಂತೆ ಕೊಡಗಿನ ಒಕ್ಕಗಳ, ಅಂದರೆ ಮನೆತನಗಳ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಜೆರ್ಸಿ ಸೈಜ್ ಕಳಿಸಿ’ ಎಂಬ ಬೇಡಿಕೆ ಶುರುವಾಗುತ್ತದೆ. ಉತ್ತರಗಳೇನೋ ಚಕಚಕನೆ ಬರುತ್ತವೆ, ನಂಬುವುದೇ ಕಷ್ಟ. ಕಾಲೇಜು ತಂಡದಲ್ಲಿ ಎಂ ತೊಡುತ್ತಿದ್ದವರು ನಲವತ್ತು ದಾಟಿದರೂ ಎಂ ಬಿಡುವುದಿಲ್ಲ. ‘ಚಿಕ್ಕಪ್ಪ, ನಿಮಗೆ ಎಲ್ ಆಗ್ತದಾ?’ ಎಂದು ತಂಡದ ಜವಾಬ್ದಾರಿ ಹೊತ್ತ ಹುಡುಗ ಮೆಲ್ಲಗೆ ಕೇಳಿದರೆ, ‘ಧಾರಾಳ ಆಗ್ತದೆ, ನೀ ಬರ್ಕೋ’ ಎಂಬ ಜವಾಬು. ಇನ್ನು ಕೆಲವರು ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಅದು ಯಾವ ಸೈಜೋ ದೇವರೇ ಬಲ್ಲ.

ಕೊಡವ ಮನೆತನಗಳ ಹಾಕಿ ಹಬ್ಬವಾದ ‘ಕೊಡವ ಹಾಕಿ ನಮ್ಮೆ’ಯ ತಂಡಕ್ಕೆ ಜೆರ್ಸಿ ಹೊಲಿಸುವುದಕ್ಕಿಂತ ತಲೆನೋವಿನ ಕೆಲಸ ಕ್ರೀಡಾಲೋಕದಲ್ಲಿ ಇನ್ನೊಂದಿರಲಾರದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಈ ಪಂದ್ಯಾವಳಿ ಆರಂಭಿಸಿದಾಗ ಆಡಿದ್ದು 60 ಒಕ್ಕಗಳು. 2024ರಲ್ಲಿ ಕುಂಡ್ಯೋಳಂಡ ಒಕ್ಕದವರು ನಾಪೋಕ್ಲುವಿನಲ್ಲಿ ನಡೆಸಿಕೊಟ್ಟಾಗ 360 ತಂಡಗಳಾಗಿ, ಗಿನ್ನೆಸ್ ದಾಖಲೆಯೂ ಆಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396 ತಂಡಗಳು ಹೆಸರು ಕೊಟ್ಟವು. ಇಲ್ಲಿ ತಂಡವೆಂದರೆ ಒಂದೇ ಮನೆತನದವರು. ಹೈಸ್ಕೂಲಿನ ಹುಡುಗಿ, ಅವಳ ಚಿಕ್ಕಪ್ಪ, ಸೈನ್ಯದಿಂದ ನಿವೃತ್ತರಾದ ಅಜ್ಜ ಒಂದೇ ಬಣ್ಣದ ಅಂಗಿ ತೊಟ್ಟು ಮೈದಾನಕ್ಕಿಳಿಯುತ್ತಾರೆ. ಒಂದೇ ವಯಸ್ಸಿನ ಹುಡುಗರ ಕ್ರಿಕೆಟ್ ತಂಡವಾದರೆ ನಾಲ್ಕು ಎಂ, ಆರು ಎಲ್, ಎರಡು ಎಕ್ಸ್‌ಎಲ್ ಎಂದು ಅಂದಾಜಿನಲ್ಲಿ ಬರೆಸಿ ಪಾರಾಗಬಹುದು. ಒಕ್ಕದ ತಂಡಕ್ಕೆ ಆ ಅಂದಾಜು ನಡೆಯದು.

ಅಂದಾಜು ತಪ್ಪಿದರೆ ಬದಲಾಯಿಸಿಕೊಂಡರಾಯಿತಲ್ಲ ಅನ್ನಬಹುದು. ಆ ಕಾಲ ಹೋಯಿತು. ಹಿಂದೆ ಅಂಗಡಿಯಲ್ಲಿ ಸಿದ್ಧ ಟಿ–ಶರ್ಟ್ ಕೊಂಡು, ಬೆನ್ನ ಮೇಲೆ ನಂಬರ್ ಅಚ್ಚು ಹಾಕಿಸುತ್ತಿದ್ದರು. ಅಚ್ಚಿಗೆ ಮುಂಚೆ ತೊಟ್ಟು ನೋಡಿ, ಆಗದಿದ್ದರೆ ವಾಪಸು ಕೊಡಬಹುದಿತ್ತು. ಈಗ ಬಹುಪಾಲು ಜೆರ್ಸಿಗಳು ಸಬ್ಲಿಮೇಶನ್‌ನವು. ಕಂಪ್ಯೂಟರಿನಲ್ಲಿ ಮಾಡಿದ ವಿನ್ಯಾಸವನ್ನು ಮೊದಲು ಕಾಗದದ ಮೇಲೆ ಮುದ್ರಿಸುತ್ತಾರೆ. ಆ ಕಾಗದವನ್ನು ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿದರೆ ಬಣ್ಣ ಆವಿಯಾಗಿ ನೂಲಿನೊಳಕ್ಕೆ ಇಳಿದುಬಿಡುತ್ತದೆ. ಮುಂಭಾಗ, ಬೆನ್ನು, ತೋಳು ಎಲ್ಲವೂ ಬಿಡಿಬಿಡಿಯಾಗಿ ಹೀಗೆ ತಯಾರಾಗಿ ಆಮೇಲೆ ಹೊಲಿಗೆಗೆ ಹೋಗುತ್ತವೆ. ಮನೆತನದ ಹೆಸರು, ಆಟಗಾರನ ಹೆಸರು, ನಂಬರ್ ಎಲ್ಲ ಬಟ್ಟೆಯಲ್ಲೇ ಬೆರೆತು ಬರುವುದರಿಂದ ಆ ಜೆರ್ಸಿ ಆ ಒಬ್ಬರಿಗಷ್ಟೇ. ಬಿಗಿಯಾಯಿತೆಂದು ಹಿಂದಿರುಗಿಸಿದರೆ ಅಂಗಡಿಯವರು ಅದನ್ನು ಮಾರುವುದಾದರೂ ಯಾರಿಗೆ?

ಹಾಗಾಗಿ ಸೈಜು ಬರೆಸುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಅಂಗಡಿಯವರು ಕೊಡುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಎಸ್ ಎದುರು 36, ಎಂ ಎದುರು 38, ಎಲ್ ಎದುರು 40, ಎಕ್ಸ್‌ಎಲ್ ಎದುರು 42 ಎಂದಿರುತ್ತದೆ. ಈ ಅಂಕಿ ಎದೆಸುತ್ತಳತೆಯ ಇಂಚು. ಯಾರ ಎದೆ, ಮನುಷ್ಯನದೋ ಅಂಗಿಯದೋ? ಕೆಲವರ ಪಟ್ಟಿಯಲ್ಲಿ ಅದು ದೇಹದ ಅಳತೆ, ಮತ್ತೆ ಕೆಲವರ ಪಟ್ಟಿಯಲ್ಲಿ ಹೊಲಿದು ಮುಗಿದ ಬಟ್ಟೆಯ ಅಳತೆ. ಓಡಿ ಆಡುವ ಆಟದ ಅಂಗಿ ದೇಹಕ್ಕಿಂತ ಎರಡರಿಂದ ನಾಲ್ಕು ಇಂಚು ಸಡಿಲವಿರಬೇಕು. ಅಂಗಿಯ ಅಳತೆಯ ಪಟ್ಟಿಯಲ್ಲಿ, 40 ಇಂಚು ಎದೆಯವರೊಬ್ಬರು ತಮ್ಮದು 40 ಎಂದು ಎಲ್ ಬರೆಸಿದರೆ ಸಡಿಲಕ್ಕೆ ಒಂದಿಂಚೂ ಉಳಿಯುವುದಿಲ್ಲ. ಕೈಯೆತ್ತಿ ಸ್ಟಿಕ್ ಬೀಸುವಾಗ ಕಂಕುಳಲ್ಲಿ ಎಳೆಯತೊಡಗುತ್ತದೆ. ಇಡೀ ತಂಡಕ್ಕೆ ಒಂದೊಂದು ಸೈಜು ಚಿಕ್ಕದಾಗಿ ಬಂದ ಉದಾಹರಣೆಗಳ ಹಿಂದೆ ಹೆಚ್ಚಾಗಿ ಇದೇ ಗೊಂದಲ ಇರುತ್ತದೆ. ದುಬೈಯಿಂದಲೋ ಅಮೆರಿಕದಿಂದಲೋ ಸೈಜು ಕಳಿಸುವ ಅಣ್ಣತಮ್ಮಂದಿರ ಲೆಕ್ಕ ಬೇರೆಯೇ. ಅಲ್ಲಿನ ಬ್ರ್ಯಾಂಡುಗಳ ಎಂ ನಮ್ಮ ಎಲ್‌ನಷ್ಟು ದೊಡ್ಡದಿರುವುದು ಮಾಮೂಲು.

ಅಕ್ಷರವನ್ನೇ ಕೇಳದಿರುವುದು ಲೇಸು. ಪ್ರತಿಯೊಬ್ಬರೂ ತಮಗೆ ಚೆನ್ನಾಗಿ ಕೂರುವ ಟಿ–ಶರ್ಟ್ ಒಂದನ್ನು ಮಂಚದ ಮೇಲೆ ಹರಡಿ, ಸುಕ್ಕು ಬಿಡಿಸಿ, ಕಂಕುಳ ಹೊಲಿಗೆಯ ಒಂದಿಂಚು ಕೆಳಗೆ ಈ ಬದಿಯಿಂದ ಆ ಬದಿಗೆ ಟೇಪು ಹಿಡಿಯಲಿ. 21 ಇಂಚು ಬಂದರೆ ಅದರ ಇಮ್ಮಡಿ 42. ಕತ್ತಿನ ಪಕ್ಕದ ಭುಜದಿಂದ ಅಂಚಿನವರೆಗೆ ಉದ್ದವನ್ನೂ ಅಳೆದು, ಎರಡು ಅಂಕಿ ಕಳಿಸಿದರೆ ಸಾಕು. ಮೈಯ ಅಳತೆ ತೆಗೆಯುವಾಗ ಎಲ್ಲರೂ ಉಸಿರು ಬಿಗಿಹಿಡಿದು ಎದೆ ಉಬ್ಬಿಸಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಮಂಚದ ಮೇಲಿನ ಅಂಗಿಗೆ ಆ ವಿದ್ಯೆ ಗೊತ್ತಿಲ್ಲ. ‘ನಿಮ್ಮ ಸೈಜ್ ಎಷ್ಟು?’ ಎಂದು ನಾಲ್ಕು ಜನರ ಮುಂದೆ ಕೇಳಿಸಿಕೊಳ್ಳುವ ಮುಜುಗರವೂ ತಪ್ಪುತ್ತದೆ. ಮಾತು ಅಂಗಿಯದಾಯಿತು, ಆಸಾಮಿಯದಲ್ಲ.

ಈ ಲೆಕ್ಕ ಕೈಕೊಡುವುದು ಹೊಟ್ಟೆಯವರ ವಿಷಯದಲ್ಲಿ. ಎದೆ 40, ಹೊಟ್ಟೆ 43 ಇರುವವರಿಗೆ ಹೊಟ್ಟೆಯ ಅಳತೆಗೇ ಸೈಜು ಬರೆಸಬೇಕು. ಆಗ ಭುಜ ಇಳಿಬೀಳುತ್ತದೆ ಎಂಬ ದೂರು ಬರುತ್ತದೆ. ಅದಕ್ಕೆ ರಾಗ್ಲನ್ ತೋಳು ಒಳ್ಳೆಯ ಉಪಾಯ. ಕತ್ತಿನಿಂದ ಕಂಕುಳಿಗೆ ಓರೆಯಾಗಿ ಹೊಲಿಗೆ ಹಾಯುವ ಆ ತೋಳಿನಲ್ಲಿ ಭುಜದ ತುದಿಗೆ ಹೊಲಿಗೆಯೇ ಇರುವುದಿಲ್ಲ, ಇಳಿಬಿದ್ದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಹಿರಿಯರಿರುವ ತಂಡಕ್ಕೆ ಸ್ಲಿಮ್ ಫಿಟ್ ಆರಿಸುವ ಉತ್ಸಾಹಿ ಕ್ಯಾಪ್ಟನ್‌ಗಳನ್ನು ಮನೆಯವರೇ ತಡೆಯಬೇಕು. ‘ತೊಳೆದರೆ ಗಿಡ್ಡವಾಗ್ತದೆ, ಒಂದು ಸೈಜ್ ದೊಡ್ಡದು ತಗೋ’ ಎಂಬ ಅಮ್ಮಂದಿರ ಮಾತು ಹತ್ತಿ ಬಟ್ಟೆಯ ಕಾಲದ್ದು. ಪಾಲಿಯೆಸ್ಟರ್ ಒಗೆತಕ್ಕೆ ಹಾಗೆ ಕುಗ್ಗುವುದಿಲ್ಲ, ಮೊದಲ ದಿನ ದೊಗಲೆಯಾದದ್ದು ಕೊನೆಗೂ ದೊಗಲೆಯೇ.

ಮಕ್ಕಳದು ಬೇರೆ ಪಟ್ಟಿ. ಅವರ ಅಂಗಿಗೆ ಇಂಗ್ಲಿಷ್ ಅಕ್ಷರ ಬೇಡ, ಶಾಲೆಯ ಯೂನಿಫಾರಂನಂತೆ 26, 28, 30 ಎಂದು ನಂಬರಿನಲ್ಲೇ ಹೇಳುವುದು ವಾಸಿ. ಡಿಸೆಂಬರ್ ಹೊತ್ತಿನ ಸುಗ್ಗಿ ಹಬ್ಬ ಪುತ್ತರಿಗೆ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಒಕ್ಕದವರೆಲ್ಲ ಕೂಡುತ್ತಾರೆ, ಟೇಪು ಹಿಡಿಯಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಆದರೆ ಹನ್ನೆರಡು–ಹದಿಮೂರರ ಹುಡುಗ ಡಿಸೆಂಬರಿನಲ್ಲಿ ಇದ್ದಂತೆ ಏಪ್ರಿಲಿನಲ್ಲಿ ಇರುವುದಿಲ್ಲ. ದೊಡ್ಡವರ ಅಳತೆ ಪುತ್ತರಿಗೇ ಬರೆದಿಟ್ಟುಕೊಂಡು, ಮಕ್ಕಳದ್ದನ್ನು ಆರ್ಡರ್ ಕೊಡುವ ವಾರ ಮತ್ತೊಮ್ಮೆ ನೋಡಬೇಕು. ಮುಂದಿನ ವರ್ಷಕ್ಕೂ ಆಗಲಿ ಎಂದು ತೀರಾ ದೊಡ್ಡದು ಹೊಲಿಸಿದರೆ ತೋಳು ಮೊಣಕೈ ದಾಟಿ ಸ್ಟಿಕ್ ಹಿಡಿದ ಕೈಗೆ ತೊಡರುತ್ತದೆ.

ಹೆಣ್ಣುಮಕ್ಕಳಿಗೆ ‘ಗಂಡಸರ ಎಸ್ ಕೊಡಿ’ ಎಂದು ಕೈತೊಳೆದುಕೊಳ್ಳುವ ಚಾಳಿ ಹಳ್ಳಿಯ ತಂಡಗಳಿಗೆ ಮಾತ್ರ ಅಂಟಿದ್ದಲ್ಲ. 1985ರಲ್ಲಿ ಅಮೆರಿಕದ ಮಹಿಳಾ ಫುಟ್‌ಬಾಲ್ ತಂಡ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯಗಳಿಗೆ ಇಟಲಿಗೆ ಹೊರಟಾಗ ಸಿಕ್ಕಿದ್ದು ಗಂಡಸರ ಅಳತೆಯ ಬಟ್ಟೆ, ಅದನ್ನು ಕತ್ತರಿಸಿ ಹೊಲಿದುಕೊಂಡೇ ಆಡಿದರು. ನಮ್ಮಲ್ಲಿಯೂ ಗಂಡಸರ ಜೆರ್ಸಿಗಳನ್ನೇ ಕತ್ತರಿಸಿ ಮಹಿಳಾ ಕ್ರಿಕೆಟಿಗರಿಗೆ ಹೊಲಿದುಕೊಡಲಾಗುತ್ತಿತ್ತು ಎಂಬುದನ್ನು, ಬಿಸಿಸಿಐ ಆಡಳಿತಾಧಿಕಾರಿಗಳ ಸಮಿತಿಯ ಮುಖ್ಯಸ್ಥರಾಗಿದ್ದ ವಿನೋದ್ ರಾಯ್ ಅವರೇ ಹೇಳಿಕೊಂಡಿದ್ದಾರೆ. ಗಂಡಸರ ಎಸ್‌ನಲ್ಲಿ ಭುಜ ಅಗಲ, ಕತ್ತು ದೊಡ್ಡದು, ಸೊಂಟದ ಕೆಳಗೆ ಬಿಗಿ. ಮಹಿಳೆಯರ ಕಟ್ ಎಂದು ಕೇಳಿದರೆ ಈಗ ಹೆಚ್ಚಿನ ಜೆರ್ಸಿ ಅಂಗಡಿಗಳಲ್ಲಿ ಮಾಡಿಕೊಡುತ್ತಾರೆ, ಕೇಳಬೇಕು ಅಷ್ಟೆ. ಅಳತೆಗೆ ಎದೆಯ ಜೊತೆ ಸೊಂಟದ ಕೆಳಭಾಗದ ಸುತ್ತಳತೆಯನ್ನೂ ಬರೆಸಬೇಕು.

ಹಾಕಿ ತಂಡದಲ್ಲಿ ಎಲ್ಲರೂ ಮರೆಯುವುದು ಗೋಲಿಯನ್ನು. ಎದೆಕವಚ, ಮೊಣಕೈ ಗಾರ್ಡ್ ಕಟ್ಟಿಕೊಂಡ ಮೇಲೆ ಅದರ ಮೇಲೆ ಜೆರ್ಸಿ ತೊಡಬೇಕೆಂಬುದು ಅಂತರರಾಷ್ಟ್ರೀಯ ಹಾಕಿ ನಿಯಮ. ಬಣ್ಣವೂ ಎರಡು ತಂಡಗಳಿಗಿಂತ ಬೇರೆಯಿರಬೇಕು. ಮಾಮೂಲಿಯಾಗಿ ಎಂ ತೊಡುವ ಗೋಲಿಗೆ ಇಲ್ಲಿ ಎಕ್ಸ್‌ಎಲ್ ಕೂಡ ಸಾಲದಿರಬಹುದು. ಕವಚ ಕಟ್ಟಿಸಿಯೇ ಅಳೆಯುವುದು ಕ್ಷೇಮ. ಬೇರೆ ಆಟಗಳಿಗೆ ಬೇರೆ ಹದ. ವಾಲಿಬಾಲಿನಲ್ಲಿ ಬ್ಲಾಕ್‌ಗೆ ಹಾರಿದಾಗ ಅಂಗಿ ಮೇಲೇರುತ್ತದೆ, ಅಲ್ಲಿ ಎದೆಗಿಂತ ಉದ್ದ ನೋಡಬೇಕು. ಕಬಡ್ಡಿಯಲ್ಲಿ ಬಟ್ಟೆ ಹಿಡಿದು ಎಳೆಯುವಂತಿಲ್ಲ, ಆದರೆ ಆರೇಳು ಜನ ಮೇಲೆ ಬಿದ್ದಾಗ ಕೈಗೆ ಮೊದಲು ಸಿಗುವುದೇ ಬಟ್ಟೆ. ಅಲ್ಲಿ ಮೈಗೆ ಅಂಟಿದಷ್ಟೂ ಒಳ್ಳೆಯದು. 2000ದ ಯೂರೊ ಕಪ್‌ನಲ್ಲಿ ಇಟಲಿಯ ಫುಟ್‌ಬಾಲಿಗರು ಮೈಗಂಟುವ ಅಂಗಿ ತೊಟ್ಟರು. ಎದುರಾಳಿ ಜಗ್ಗಿದರೆ ಅದು ಹಿಗ್ಗಿ ರೆಫರಿಯ ಕಣ್ಣಿಗೆ ಬೀಳಲಿ ಎಂಬ ಎಣಿಕೆ ಅದರ ಹಿಂದಿತ್ತು. 2003ರಲ್ಲಿ ರಗ್ಬಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ಕೂಡ ಹಿಡಿತಕ್ಕೆ ಸಿಗದ ಬಿಗಿ ಜೆರ್ಸಿಯಲ್ಲೇ ಆಡಿತ್ತು.

ಪಟ್ಟಿ ಸಿದ್ಧವಾದ ಮೇಲೂ ಅಂಗಡಿಯಿಂದ ಸ್ಯಾಂಪಲ್ ಸೆಟ್ ತರಿಸಿಕೊಳ್ಳುವುದು ಬಿಡಬಾರದು. ಎಸ್‌ನಿಂದ ತ್ರಿಬಲ್ ಎಕ್ಸ್‌ಎಲ್‌ವರೆಗೆ ಒಂದೊಂದು ಸಾದಾ ಜೆರ್ಸಿ ಹಲವೆಡೆ ಇಟ್ಟಿರುತ್ತಾರೆ. ಪಟ್ಟಿಯಲ್ಲಿ ಅನುಮಾನ ಬಂದವರಿಗಷ್ಟೇ ತೊಡಿಸಿ ನೋಡಿದರೂ ಸಾಕು. ತೊಟ್ಟ ಮೇಲೆ ಕನ್ನಡಿ ಮುಂದೆ ನಿಲ್ಲಿಸದೆ, ಬಗ್ಗಿ ಚೆಂಡು ಎತ್ತಲು ಹೇಳಿ. ಬೆನ್ನು ಹೊರಗೆ ಇಣುಕಿದರೆ ಉದ್ದ ಸಾಲದು.

ಕೊನೆಗೆ, ಹೆಸರು ಹಾಕದ ಎರಡು ಜೆರ್ಸಿ ಹೆಚ್ಚಿಗೆ ಹೊಲಿಸಬೇಕು. 1990ರ ಫೆಬ್ರುವರಿ 14ರಂದು ಒರ್ಲಾಂಡೊದಲ್ಲಿ ಪಂದ್ಯಕ್ಕೆ ಮುಂಚೆ ಬ್ಯಾಸ್ಕೆಟ್‌ಬಾಲ್ ತಾರೆ ಮೈಕಲ್ ಜೋರ್ಡನ್‌ರ 23ನೇ ನಂಬರಿನ ಜೆರ್ಸಿ ಕಳುವಾಯಿತು. ಪ್ರೇಕ್ಷಕರಲ್ಲಿ ಯಾರೋ ತೊಟ್ಟಿದ್ದ 23ನ್ನು ಈಸಿಕೊಂಡು ನೋಡಿದರೆ ಅಳತೆ ಹೊಂದಲಿಲ್ಲವಂತೆ. ತಂಡದ ಬಳಿ ಹೆಸರಿಲ್ಲದ 12ನೇ ನಂಬರಿನದೊಂದು ಇದ್ದದ್ದರಿಂದ ಅದನ್ನೇ ತೊಟ್ಟು 49 ಅಂಕ ಗಳಿಸಿದರು. ನಮ್ಮಲ್ಲಿ ಕಳ್ಳರಿಗಿಂತ, ಪಂದ್ಯದ ಬೆಳಿಗ್ಗೆ ಬೆಂಗಳೂರಿನ ಬಸ್ಸಿಳಿದು ‘ನಾನೂ ಆಡ್ತೇನೆ’ ಎನ್ನುವ ಅಣ್ಣತಮ್ಮಂದಿರ ಕಾಟ ಜಾಸ್ತಿ. ಅಂಥವರಿಗಾಗಿ ಒಂದು ಎಲ್, ಒಂದು ಡಬಲ್ ಎಕ್ಸ್‌ಎಲ್ ಇರಲಿ. ದೊಡ್ಡದನ್ನು ನಿಕ್ಕರಿನೊಳಗೆ ತುರುಕಿಕೊಂಡು ಆಡಬಹುದು, ಚಿಕ್ಕದಾದರೆ ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಬೇಕಾಗುತ್ತದೆ.