ಅಧಿಕಾರಸ್ಥರಿಗಾಗಿ ಮಾಡತಕ್ಕ ಪ್ರಾರ್ಥನೆ

ಆರಾಧನೆಗೆ ಕೂಡಿಬಂದಾಗ ಅಧಿಕಾರದಲ್ಲಿರುವವರಿಗಾಗಿ ದೇವರಿಗೆ ವಿಜ್ಞಾಪಿಸುವದು ಕ್ರೈಸ್ತ ಸಭೆಯ ಪುರಾತನ ಪದ್ಧತಿಯಾಗಿದೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಅರಸರಿಗಾಗಿಯೂ ಅಧಿಕಾರಿಗಳೆಲ್ಲರಿಗಾಗಿಯೂ ಪ್ರಾರ್ಥಿಸಬೇಕೆಂಬ ಬುದ್ಧಿವಾದವುಂಟು. ಅಂದು ರೋಮಿನ ಸಿಂಹಾಸನದಲ್ಲಿದ್ದವನು ಕ್ರಿಸ್ತನನ್ನು ಅರಿತವನಾಗಿರಲಿಲ್ಲ. ಆದುದರಿಂದ ಈ ಪ್ರಾರ್ಥನೆಯು ಮುಖಸ್ತುತಿಯಲ್ಲ; ನಮಗೆ ಮೆಚ್ಚಿಗೆಯಾದವರಿಗೆ ಮಾತ್ರ ಸಲ್ಲತಕ್ಕದ್ದೂ ಅಲ್ಲ. ಆದರೂ ನಮ್ಮಲ್ಲಿ ಅನೇಕರು ಇದನ್ನು ಬಾಯಿಪಾಠದಂತೆ ಹೇಳಿ ಮುಗಿಸುತ್ತೇವೆ. ಅರಿತು ಪ್ರಾರ್ಥಿಸುವದು ಹೇಗೆಂಬುವದನ್ನು ನಮ್ಮ ಸೀಮೆಯ ಒಂದು ವಿಷಯದಿಂದಲೇ ವಿವರಿಸಲು ಇಚ್ಛಿಸುತ್ತೇವೆ. ಆ ವಿಷಯವು ನೀರು.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯಿದೆ. ಅದರ ನಾಲೆಗಳನ್ನು ನಂಬಿ ಶಿವಮೊಗ್ಗ, ದಾವಣಗೆರೆ ಸೀಮೆಗಳ ಬೇಸಾಯಗಾರರು ಹಲವು ತಲೆಮಾರುಗಳಿಂದ ಗದ್ದೆತೋಟಗಳನ್ನು ಮಾಡಿಕೊಂಡಿದ್ದಾರೆ. ಆದರೆ ಅಲ್ಲಿಂದ ಬಹುದೂರವಿಲ್ಲದ ಕಡೂರು, ಅಜ್ಜಂಪುರಗಳ ಬಯಲುನೆಲವು ಮಲೆನಾಡಿನ ಮಳೆಯ ಮರೆಯಲ್ಲಿದೆ. ಮಳೆ ತಪ್ಪಿದ ವರುಷ ಕೆರೆಗಳು ಬರಿದಾಗುವವು, ಕೊಳವೆಬಾವಿಗಳು ಬತ್ತುವವು, ತೆಂಗಿನ ಸುಳಿಯು ಒಣಗುವದು. ಇಂಥ ಬರಗಾಡಿಗಾಗಿ ಭದ್ರಾ ಮೇಲ್ದಂಡೆ ಯೋಜನೆಯು ಏರ್ಪಟ್ಟಿದೆ. ಇದರ ಪ್ರಕಾರ ತುಂಗೆಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರೆಗೆ ಏರಿಸಿ, ಭದ್ರೆಯಿಂದ 29.90 ಟಿ.ಎಂ.ಸಿ. ನೀರನ್ನು ಎತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೊಮೀಟರು ಉದ್ದದ ಸುರಂಗದ ಮೂಲಕ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಒಣಭೂಮಿಗೆ ಒಯ್ಯತಕ್ಕದ್ದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 367 ಕೆರೆಗಳನ್ನು ತುಂಬಿಸುವದೂ ಈ ಯೋಜನೆಯಲ್ಲಿ ಸೇರಿದೆ.

ಈಗ ಆಲೋಚಿಸಿರಿ. ನಾಲೆಯ ಬಾಯಲ್ಲಿ ಕಾದಿರುವ ರೈತನು ತನ್ನ ಪಾಲು ಕಡಿಮೆಯಾದೀತೆಂದು ಅಂಜುತ್ತಾನೆ. ಬತ್ತಿದ ಕೆರೆಯ ದಂಡೆಯಲ್ಲಿರುವವನು ತನ್ನ ಕಾಲದಲ್ಲಿ ನೀರು ಬಂದೀತೋ ಇಲ್ಲವೋ ಎಂದು ಕೊರಗುತ್ತಾನೆ. ಇಬ್ಬರೂ ಒಬ್ಬನೇ ದೇವರ ಮಕ್ಕಳು. ಇಬ್ಬರ ಮೊರೆಯೂ ಸುಳ್ಳಲ್ಲ. ಇವರ ನಡುವೆ ತೀರ್ಪು ಹೇಳಬೇಕಾದ ಮಂತ್ರಿಗಾಗಲಿ ಅಧಿಕಾರಿಗಾಗಲಿ ನಾವು ಏನನ್ನು ಬೇಡಬೇಕು? ನಮ್ಮ ಪಕ್ಷಕ್ಕೇ ಜಯವಾಗಲೆಂದು ಬೇಡುವದು ಸುಲಭ. ಆದರೆ ಅದು ಪ್ರಾರ್ಥನೆಯ ವೇಷ ಧರಿಸಿದ ಸ್ವಾರ್ಥವಲ್ಲವೇ?

ಅರಸನಾದ ಸೊಲೊಮೋನನು ಗಿಬ್ಯೋನಿನಲ್ಲಿ ಬೇಡಿಕೊಂಡದ್ದನ್ನು ಇಲ್ಲಿ ಸ್ಮರಿಸೋಣ. ಅವನು ದೀರ್ಘಾಯುಷ್ಯವನ್ನಾಗಲಿ ಐಶ್ವರ್ಯವನ್ನಾಗಲಿ ಶತ್ರುಗಳ ನಾಶವನ್ನಾಗಲಿ ಕೇಳದೆ, ಪ್ರಜೆಗಳ ನ್ಯಾಯವನ್ನು ವಿಚಾರಿಸತಕ್ಕ ವಿವೇಕವುಳ್ಳ ಹೃದಯವನ್ನು ಕೇಳಿದನು. ಆ ಅಧ್ಯಾಯದಲ್ಲಿಯೇ, ಒಂದೇ ಕೂಸಿಗಾಗಿ ವ್ಯಾಜ್ಯವಾಡುವ ಇಬ್ಬರು ಹೆಂಗಸರು ಅವನ ಮುಂದೆ ಬಂದು ನಿಂತರು. ಅವನು ಇಬ್ಬರ ಮಾತನ್ನೂ ಪೂರ್ತಿಯಾಗಿ ಕೇಳಿದ ಬಳಿಕವೇ ತೀರ್ಪು ಕೊಟ್ಟನು. ಕೇಳಬಲ್ಲ ಕಿವಿಯೇ ದೇವಭಯವುಳ್ಳ ನಾಯಕನ ಮೊದಲನೆಯ ಗುಣವು. ನಮ್ಮ ಬೇಡಿಕೆಯೂ ಅದೇ ಆಗಿರಲಿ: ನಾಲೆಯವನ ಮಾತೂ ಕೆರೆಯವನ ಮಾತೂ ಅವರ ಕಿವಿಗೆ ಮುಟ್ಟಲಿ, ಕೊಟ್ಟ ಮಾತನ್ನು ನಡಿಸುವ ಸತ್ಯವೂ, ಆಗದ್ದನ್ನು ಆಗದೆಂದು ಹೇಳುವ ಧೈರ್ಯವೂ ಅವರಿಗೆ ದೊರೆಯಲಿ.

ಇನ್ನೊಂದು ಮಾತುಂಟು. ಪ್ರವಾದಿಯಾದ ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯವು ತಮ್ಮನ್ನೇ ಪೋಷಿಸಿಕೊಂಡ ಕುರುಬರನ್ನು ಕಠಿನವಾಗಿ ಖಂಡಿಸುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವದಿಲ್ಲ. ತಿಳಿನೀರನ್ನು ತಾವು ಕುಡಿದು, ಉಳಿದದ್ದನ್ನು ಕಾಲಿಂದ ಕಲಕಿ ಬಡಕಲು ಕುರಿಗಳಿಗೆ ಬಿಡುವ ಕೊಬ್ಬಿದ ಕುರಿಗಳಿಗೂ ಅಲ್ಲಿ ನ್ಯಾಯತೀರ್ಪುಂಟು. ನೆರೆಯವನ ಬಾವಿ ಬತ್ತುವಂತೆ ನಮ್ಮ ಕೊಳವೆಬಾವಿಯನ್ನು ಇನ್ನೂ ಆಳಕ್ಕೆ ಕೊರೆಯಿಸಿ, ಕೆರೆಯಂಗಳವನ್ನು ಒತ್ತುವರಿ ಮಾಡಿಕೊಂಡು, ಅಧಿಕಾರಸ್ಥರಿಗೆ ಮಾತ್ರ ನೀತಿಯನ್ನು ಬೇಡಿದರೆ ಆ ಪ್ರಾರ್ಥನೆಯು ಮೇಲೇರೀತೇ? ಆದಕಾರಣ ಪ್ರಾರ್ಥಿಸುವವನು ಮೊದಲು ತನ್ನನ್ನೇ ಶೋಧಿಸಿಕೊಳ್ಳತಕ್ಕದ್ದು.

ಈ ಸೀಮೆಯು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯೆನಿಸಿದ್ದ ಕಾಲದಲ್ಲಿ ಆಳುವವರೆಂದರೆ ಮಹಾರಾಜರೂ ದಿವಾನರೂ ಆಗಿದ್ದರು. 1947ರಲ್ಲಿ ಸಂಸ್ಥಾನಕ್ಕೆ ಜವಾಬ್ದಾರಿ ಸರಕಾರವು ಬಂದಿತು. 1952ರ ಮಹಾಚುನಾವಣೆಯ ವೇಳೆಗೆ ವಯಸ್ಕರಾದ ಗಂಡಸರಿಗೂ ಹೆಂಗಸರಿಗೂ ಮತಾಧಿಕಾರವು ದೊರೆತಿತ್ತು. 1983ರ ಕಾನೂನು ಕರ್ನಾಟಕದ ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಟ್ಟಿತು. 2010ರಲ್ಲಿ ಅದು ಅರ್ಧಕ್ಕೆ ಏರಿತು. ಹೀಗಿರುವಲ್ಲಿ ಆಳುವವರು ದೂರದ ಅರಮನೆಯಲ್ಲಿಲ್ಲ. ಕುಡಿಯುವ ನೀರಿನ ಕೊಳಾಯಿ ಮೊದಲು ಯಾವ ಕೇರಿಗೆ ಎಂದು ತೀರ್ಮಾನಿಸುವ ಪಂಚಾಯತಿಯ ಸದಸ್ಯಳು ಯಾವದೋ ಹೆಣ್ಣುಮಕ್ಕಳ ಶಾಲೆಯ ಬೆಂಚಿನ ಮೇಲೆ ಕೂತು ಕಲಿತವಳೇ. ಪ್ರಿಯ ಸಹೋದರಿಯರೇ, ಅವಳು ನಿಮ್ಮೊಳಗೊಬ್ಬಳಾಗಿರಬಹುದು. ತಂದೆತಾಯಿಗಳೇ, ಅವಳು ನಿಮ್ಮ ಮಗಳಾಗಿರಬಹುದು.

ಆದುದರಿಂದ ಇನ್ನು ಮೇಲೆ ಅಧಿಕಾರಸ್ಥರಿಗಾಗಿ ಪ್ರಾರ್ಥಿಸುವಾಗ ಹೆಸರು ಹಿಡಿದು, ಅವರ ಮುಂದಿರುವ ಕೆಲಸವನ್ನು ತಿಳಿದು ಪ್ರಾರ್ಥಿಸೋಣ. ನಮಗೆ ಎದುರಾಗಿ ನಿಂತವನ ಹೊಲವನ್ನೂ ಆ ಪ್ರಾರ್ಥನೆಯಲ್ಲಿ ಸೇರಿಸೋಣ. ಕೊಡದ ನೀರನ್ನು ಕುಡಿಯಲಾರೆವೆಂಬದು ನಿಜ. ಆದರೆ ಹಂಚಿ ಕುಡಿಯುವ ಮನಸ್ಸನ್ನು ದೇವರು ಆಳುವವರಿಗೂ ನಮಗೂ ಅನುಗ್ರಹಿಸಲಿ.