ಘನೀಕೃತ ವೀರ್ಯದ ಸಂರಕ್ಷಣೆ: ತಾಪಮಾನ ಮತ್ತು ಕೋಶದ ಪೊರೆ

ಜಾನುವಾರು ತಳಿ ಅಭಿವೃದ್ಧಿಯಲ್ಲಿ ಕೃತಕ ಗರ್ಭಧಾರಣೆಯ ಪಾತ್ರ ಮಹತ್ತರವಾದುದು. ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ 1969ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಕೇಂದ್ರವು ಈ ಕಾರ್ಯದಲ್ಲಿ ತೊಡಗಿದೆ. ಇಂತಹ ಕೇಂದ್ರಗಳಲ್ಲಿ ಹೋರಿಯ ವೀರ್ಯವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಸಂಗ್ರಹಿಸಲಾಗುತ್ತದೆ. ಆ ಶೈತ್ಯದಲ್ಲಿ ವೀರ್ಯಾಣುಗಳು ವರ್ಷಗಟ್ಟಲೆ ಕೆಡದೆ ಉಳಿಯುತ್ತವೆ. ಅಪಾಯವಿರುವುದು ಅಲ್ಲಿಗೆ ತಲುಪುವ ಮತ್ತು ಅಲ್ಲಿಂದ ಮರಳುವ ಹಾದಿಯಲ್ಲಿ.

ಪೊರೆಯ ಸ್ವರೂಪ

ವೀರ್ಯಾಣುವನ್ನು ಆವರಿಸಿರುವ ಪೊರೆಯು ಮುಖ್ಯವಾಗಿ ಕೊಬ್ಬಿನ ಅಣುಗಳ ಎರಡು ಪದರಗಳಿಂದಾಗಿದೆ. ದೇಹದ ಶಾಖದಲ್ಲಿ ಈ ಅಣುಗಳು ಸದಾ ಚಲಿಸುತ್ತ ಒಂದರ ಪಕ್ಕದಿಂದ ಇನ್ನೊಂದರ ಪಕ್ಕಕ್ಕೆ ಸರಿಯುತ್ತಿರುತ್ತವೆ. ಶಾಖ ಇಳಿದಂತೆ ಅವುಗಳ ಚಲನೆ ಕುಗ್ಗುತ್ತದೆ. ಬಾಲಗಳು ನೆಟ್ಟಗಾಗಿ ಒತ್ತೊತ್ತಾಗಿ ಜೋಡಣೆಗೊಳ್ಳುತ್ತವೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದರೂ ಕಡಲೆಕಾಯಿ ಎಣ್ಣೆ ದ್ರವವಾಗಿಯೇ ಉಳಿಯುವಂತೆ, ಪೊರೆಯ ಎಲ್ಲ ಕೊಬ್ಬುಗಳೂ ಒಂದೇ ತಾಪಮಾನದಲ್ಲಿ ಗಟ್ಟಿಯಾಗುವುದಿಲ್ಲ. ಗಟ್ಟಿಯಾದ ಭಾಗ ಮತ್ತು ದ್ರವಭಾಗಗಳ ಅಂಚಿನಲ್ಲಿ ಪೊರೆ ಸೋರುತ್ತದೆ. ವೀರ್ಯವನ್ನು ಥಟ್ಟನೆ ತಂಪುಮಾಡಿದಾಗ ವೀರ್ಯಾಣುಗಳು ನಿಶ್ಚಲವಾಗಲು ಇದು ಮುಖ್ಯ ಕಾರಣ.

ರಕ್ಷಣೆಯ ಕ್ರಮ

ಆದುದರಿಂದ ವೀರ್ಯವನ್ನು ಮೊದಲು ಸುಮಾರು 4 ರಿಂದ 5 ಡಿಗ್ರಿಯವರೆಗೆ ನಿಧಾನವಾಗಿ ತಂಪುಮಾಡಲಾಗುತ್ತದೆ. ಅದಕ್ಕೆ ಸೇರಿಸುವ ಮೊಟ್ಟೆಯ ಹಳದಿ ಭಾಗವು ಪೊರೆಯನ್ನು ಶೈತ್ಯದ ಆಘಾತದಿಂದ ಕಾಪಾಡುತ್ತದೆ. ಇದರ ಉಪಯೋಗವನ್ನು 1940ರಲ್ಲಿ ಫಿಲಿಪ್ಸ್ ಮತ್ತು ಲಾರ್ಡಿ ತೋರಿಸಿಕೊಟ್ಟರು. ಮುಂದೆ ಘನೀಕರಿಸುವಾಗ ಮಂಜಿನ ಹರಳುಗಳಿಂದಾಗುವ ಹಾನಿಯನ್ನು ಗ್ಲಿಸರಿನ್ ತಗ್ಗಿಸುತ್ತದೆ. ಇದನ್ನು 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಪ್ರಕಟಿಸಿದರು.

ಬಳಸುವಾಗ ವಹಿಸಬೇಕಾದ ಎಚ್ಚರ

ಕರಗಿಸುವಾಗ ನಿಧಾನ ಸಲ್ಲದು. ನಿಧಾನವಾಗಿ ಬೆಚ್ಚಗಾದರೆ ಸಣ್ಣ ಮಂಜಿನ ಹರಳುಗಳು ಕೂಡಿ ದೊಡ್ಡದಾಗಿ ಪೊರೆಯನ್ನು ಹರಿಯುತ್ತವೆ. ಆದ್ದರಿಂದ ವೀರ್ಯದ ನಳಿಕೆಯನ್ನು 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಸುಮಾರು 30 ಸೆಕೆಂಡು ಅದ್ದುವುದು ರೂಢಿ.

● ನಳಿಕೆಗಳನ್ನು ಹುಡುಕುವಾಗ ಜಾಡಿಯ ಕತ್ತಿಗಿಂತ ಮೇಲಕ್ಕೆ ಎತ್ತಬಾರದು.

● ದ್ರವ ಸಾರಜನಕದ ಮಟ್ಟವನ್ನು ನಿಯತವಾಗಿ ಅಳೆದು ತುಂಬಬೇಕು.

● ಕರಗಿದ ನಳಿಕೆಯನ್ನು ಒರೆಸಿ, ಬಿಸಿಲು ಮತ್ತು ತಣ್ಣನೆಯ ಗಾಳಿ ತಾಗದಂತೆ ಕೂಡಲೇ ಬಳಸಬೇಕು.

● ಒಮ್ಮೆ ಕರಗಿದುದನ್ನು ಮತ್ತೆ ಜಾಡಿಗೆ ಹಾಕಬಾರದು.

ಪೊರೆ ಹಾಳಾದ ವೀರ್ಯವನ್ನು ಹೊರನೋಟದಿಂದ ಗುರುತಿಸಲಾಗದು. ಹಸು ಗಬ್ಬ ಕಟ್ಟದಿದ್ದಾಗ ರೈತನು ಮುಂದಿನ ಬೆದೆಗಾಗಿ ಸುಮಾರು 21 ದಿನ ಕಾಯಬೇಕಾಗುತ್ತದೆ. ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಜಾಡಿಯ ಬಳಿ ವಹಿಸುವ ಕೆಲವು ಕ್ಷಣಗಳ ಎಚ್ಚರವು ಈ ನಷ್ಟವನ್ನು ತಪ್ಪಿಸಬಲ್ಲದು.